ಉಳಿದದ್ದು ನಾಳೆ

ನನ್ನ ಷಡ್ಡಕರಿಗೆ ದೆವ್ವದ ಭಯವಿಲ್ಲ, ನಿಧಾನದ ಭಯವಿದೆ! ಹೆಂಡತಿ "ಬಂದೆ" ಅಂದರೆ ಸಾಕು, ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಾರೆ. ಬಸ್ಸು ನಿಲ್ಲುವ ಮೊದಲೇ ಇಳಿದು ಎರಡು ಸಲ ಮಂಡಿ ಒಡೆದುಕೊಂಡಿದ್ದಾರೆ.

ಚನ್ನಗಿರಿಯಲ್ಲಿ ಕೂತು ಇವರು ಹೊಲದ ಮೋಟರನ್ನು ಮೊಬೈಲಿನಿಂದ ಶುರು ಮಾಡುವ ಸಾಫ್ಟ್‌ವೇರ್ ಬರೆಸುತ್ತಾರೆ. ಬರೆಯುವ ಮೂವರು ಹೊನ್ನಾಳಿ, ನ್ಯಾಮತಿ, ಜಗಳೂರಿನ ತಮ್ಮ ತಮ್ಮ ಮನೆಗಳಲ್ಲಿ. ಯಾರು ಯಾವ ಸಾಲು ತಿದ್ದಿದರೆಂಬ ಪೂರ್ತಿ ಚರಿತ್ರೆ ಮಾತ್ರ ಷಡ್ಡಕರ ಕಂಪ್ಯೂಟರಿನಲ್ಲಿ. ಬೆಳಿಗ್ಗೆ ಅದನ್ನು ಇಳಿಸಿಕೊಳ್ಳಲು ಕೂತರೆ ಜಗಳೂರಿನಾತನಿಗೆ ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು.

ನಾನು ಪೈಪಿನ ವ್ಯಾಪಾರಿ. ಕೇಳದಿದ್ದರೂ ಸಲಹೆ ಕೊಡುವವನು. "ನನ್ನ ಮೂರು ಅಂಗಡಿಗೆ ದಿನಾ ಇಡೀ ಗೋಡೌನ್ ಕಳಿಸ್ತೀನೇನ್ರೀ? ಊರಿಗೊಂದು ದಾಸ್ತಾನು ಇಡ್ರಿ, ಹೊಸದಷ್ಟೇ ಓಡಾಡ್ಲಿ" ಅಂದೆ. ಚೌಕಾಸಿ ಮಾಡಿ ಮೂರು ಹಳೇ ಕಂಪ್ಯೂಟರ್ ಕೊಡಿಸಿದ್ದೂ ನಾನೇ. ಮೂವರ ಮನೆಯಲ್ಲೂ ಆ ಚರಿತ್ರೆಯ ಒಂದೊಂದು ನಕಲು ಕೂತಿತು. ಅರ್ಧ ದಿನದ ಕಾಯುವಿಕೆ ಅರ್ಧ ನಿಮಿಷಕ್ಕೆ ಇಳಿಯಿತು! ಷಡ್ಡಕರು ಒಂದು ನಿಯಮವನ್ನೂ ಹಾಕಿದರು: ತಿದ್ದಿದಾಗಲೆಲ್ಲ ಏನು ಉಳಿದಿದೆಯೆಂದು ಬರೆಯಬೇಕು.

ಅಷ್ಟರಲ್ಲಿ ಜಗಳೂರಿನಾತ ಜ್ವರದಲ್ಲಿ ತೀರಿಕೊಂಡ. ಹನ್ನೊಂದನೆಯ ದಿನದ ಊಟ ಮುಗಿಸಿ ಬಂದೆವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವನ ಹೆಸರಿನಲ್ಲಿ ಒಂದು ತಿದ್ದುಪಡಿ ಬಂತು. ಕೆಳಗೆ ಬರೆದಿತ್ತು: "ಮೈ ಸುಡುತ್ತಿದೆ. ಉಳಿದದ್ದು ನಾಳೆ."

ಮರುದಿನ ಒಂಬತ್ತಕ್ಕೆ ಉಳಿದದ್ದೂ ಬಂತು!

ಹೊನ್ನಾಳಿಯಾಕೆ ಕಂಪ್ಯೂಟರಿಗೆ ನಿಂಬೆಹಣ್ಣು ಕಟ್ಟಿದಳು. ನ್ಯಾಮತಿಯವನು ಫೋನೇ ಎತ್ತಲಿಲ್ಲ. ಷಡ್ಡಕರು ಮಾತ್ರ ತಿದ್ದುಪಡಿಯನ್ನು ಪರೀಕ್ಷೆ ಮಾಡಿ, "ಒಂದೂ ತಪ್ಪಿಲ್ಲ ಕಣ್ರೀ" ಅಂದರು.

ಮೂರನೆಯ ದಿನ ನಾನೂ ಷಡ್ಡಕರೂ ಜಗಳೂರಿಗೆ ಹೋದೆವು. ಒಂಬತ್ತು ಗಂಟೆ. ಕೋಣೆಯಲ್ಲಿ ಖಾಲಿ ಕುರ್ಚಿ, ಅದರ ಮುಂದೆ ಹಬೆಯಾಡುವ ಚಹಾ, ಮಿಣುಕುವ ಕಂಪ್ಯೂಟರು. ನಾನು ಷಡ್ಡಕರ ಬೆನ್ನ ಹಿಂದೆ ಸರಿದೆ.

ಒಳಗಿನಿಂದ ಅವನ ಹೆಂಡತಿ ಬಂದಳು. ಚಹಾ ಅವಳದೇ. ದಿನಾ ಇದನ್ನು ಹಚ್ಚಿ, ಕಳಿಸುವ ಗುಂಡಿ ಒಮ್ಮೆ ಒತ್ತು ಎಂದು ಅವನೇ ಹಾಸಿಗೆಯಿಂದ ಹೇಳಿಕೊಟ್ಟಿದ್ದನಂತೆ. ಸೂತಕ ಕಳೆದ ಮೇಲೆ ಮತ್ತೆ ಒತ್ತತೊಡಗಿದ್ದಳು. ಇಂಟರ್‌ನೆಟ್ ಲೈನು ಸಿಗದ ದಿನಗಳಲ್ಲಿ ಅವನು ಬರೆದದ್ದೆಲ್ಲ ಒಳಗೆ ಸಾಲಾಗಿ ನಿಂತಿತ್ತು. ಒಮ್ಮೆ ಒತ್ತಿದರೆ ಒಂದು ಹೊರಡುತ್ತಿತ್ತು.

"ಅವರ ಕೆಲಸ ಇನ್ನೂ ಐತೇನ್ರೀ ಸಾರ್?" ಎಂದು ಕೇಳಿದಳು.

ಷಡ್ಡಕರು ಪಟ್ಟಿ ನೋಡಿದರು. ನನಗೂ ಕಂಡಿತು. ಐದೇ ಉಳಿದಿದ್ದವು. ಐದನ್ನೂ ಒಂದು ನಿಮಿಷದಲ್ಲಿ ಎಳೆದುಕೊಳ್ಳಬಹುದಿತ್ತು.

"ಬಾಳ ಐತಮ್ಮ" ಅಂದರು. "ವಾರಕ್ಕೊಂದು ಸಲ ಒತ್ತು, ಸಾಕು. ನಮಗೇನೂ ಅವಸರ ಇಲ್ಲ."