ವಿಮಲಮ್ಮನ ಕುರ್ಚಿ

ಯಾರಾದರೂ ನಿವೃತ್ತರಾಗುತ್ತಾರೆಂದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಒಪ್ಪಿಕೊಳ್ಳಲು ನಾಚಿಕೆ, ಆದರೆ ನಿಜ. ಅವರು ಹಾರ ಹಾಕಿಸಿಕೊಂಡು ಕಣ್ಣೊರೆಸಿಕೊಳ್ಳುವಾಗ ನಾನು ಸಮೋಸ ತಿನ್ನುತ್ತ ಅವರ ಕುರ್ಚಿಯ ಕಡೆ ನೋಡುತ್ತಿದ್ದೆ. ಇದಕ್ಕೆ ಕಾರಣವಿದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಮನುಷ್ಯ ನಾನು. ಅಪ್ಪ ಗಂಗಾವತಿಯಲ್ಲಿ ಅಕ್ಕಿಮೂಟೆ ಹೊತ್ತು ಓದಿಸಿದರು. ಆ ಡಿಗ್ರಿ ಹಿಡಿದುಕೊಂಡು ಮೂರು ವರ್ಷ ಅಲೆದೆ. ಹೋದಲ್ಲೆಲ್ಲ ‘ಜಾಗ ಖಾಲಿ ಇಲ್ಲ’ ಅಂದರು. ಕೆಲಸವೆಂದರೆ ಬಸ್ಸಿನ ಸೀಟು, ಕೂತವರು ಎದ್ದರಷ್ಟೇ ನಿಂತವರಿಗೆ ಸಿಗುತ್ತದೆ ಎಂಬ ಸಿದ್ಧಾಂತ ಆಗಲೇ ತಲೆಗೆ ಹೊಕ್ಕಿತು. ನಮ್ಮಪ್ಪನಿಗೆ ಮಾತ್ರ ನಿವೃತ್ತಿ ಎಂಬ ಪದವೇ ಗೊತ್ತಿರಲಿಲ್ಲ. ತೋಳು ಮೇಲೇಳದಾದ ದಿನ ‘ಸಾಕು’ ಅಂದರು. ಹಾರ ಯಾರೂ ಹಾಕಲಿಲ್ಲ, ಸಮೋಸವೂ ಇರಲಿಲ್ಲ.

ಈಗ ನಾನು ದಿಲ್ಲಿ ಪಕ್ಕದ ಗುರುಗ್ರಾಮದ ಒಂದು ಕಚೇರಿಯಲ್ಲಿದ್ದೇನೆ. ಆರೋಗ್ಯ ವಿಮೆ ಮಾಡಿಸಿದವರಿಗೆ ಫೋನಿನಲ್ಲಿ ನೆರವು ಕೊಡುವುದು ನಮ್ಮ ಕೆಲಸ. ನಾನು ಕನ್ನಡ ವಿಭಾಗದ ಮುಖ್ಯಸ್ಥ. ವಿಭಾಗ ಎಂದರೆ ಗಾಬರಿಯಾಗಬೇಡಿ, ನನ್ನನ್ನೂ ಸೇರಿಸಿ ಮೂವರು. ನಾನು ಸೇರಿದ ಹೊಸದರಲ್ಲಿ ಜನ ಹೆರಿಗೆಯ ಖರ್ಚು ಕೇಳಲು ಫೋನ್ ಮಾಡುತ್ತಿದ್ದರು. ಈಗ ಬೆಳಗಿನಿಂದ ಸಂಜೆವರೆಗೆ ಕಣ್ಣಿನ ಪೊರೆ, ಮೊಣಕಾಲು, ಸ್ಟೆಂಟು. ನಾಡಿಗೆ ವಯಸ್ಸಾಗುತ್ತಿದೆ ಎಂಬುದು ನನಗೆ ಪೇಪರ್ ಓದಿ ತಿಳಿದದ್ದಲ್ಲ, ಹೆಡ್‌ಫೋನಿನಲ್ಲಿ ಕೇಳಿಯೇ ತಿಳಿದದ್ದು.

ಉಳಿದಿಬ್ಬರಲ್ಲಿ ಒಬ್ಬಳು ಆಯೇಷಾ. ಬಳ್ಳಾರಿಯವಳು, ಇಪ್ಪತ್ಮೂರು ವರ್ಷ, ದಿಲ್ಲಿಯ ಮುನಿರ್ಕಾದಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಅವಳ ಮನೆಯಲ್ಲೂ ಮೊದಲ ಡಿಗ್ರಿ ಅವಳದೇ. ಇನ್ನೊಬ್ಬರು ವಿಮಲಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿವೃತ್ತರಾಗಿ, ಅರವತ್ತೈದರಲ್ಲಿ ಮತ್ತೆ ಕೆಲಸ ಹಿಡಿದು, ದಿನಾ ಜನಕಪುರಿಯಿಂದ ಮೆಟ್ರೊದಲ್ಲಿ ಬರುವವರು. ಇಬ್ಬರೂ ತಾತ್ಕಾಲಿಕ. ಒಂದು ಸೋಮವಾರ ಮ್ಯಾನೇಜರ್ ನನ್ನನ್ನು ಕರೆದು, ಇಬ್ಬರಲ್ಲಿ ಒಬ್ಬರನ್ನಷ್ಟೇ ಕಾಯಂ ಮಾಡುತ್ತೇವೆ, ಶುಕ್ರವಾರ ಹೆಸರು ಕೊಡು ಎಂದರು.

ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಯೇಷಾಳ ಮುಖದಲ್ಲಿ ನನಗೆ ಕಾಣುತ್ತಿದ್ದುದು ಮೂರು ವರ್ಷ ಅಲೆದ ನಾನೇ. ಸಾಲದ್ದಕ್ಕೆ ಲೆಕ್ಕವೂ ಅವಳ ಕಡೆಗಿತ್ತು. ಪ್ರತಿ ಕರೆ ಆರು ನಿಮಿಷದಲ್ಲಿ ಮುಗಿಯಬೇಕೆಂಬುದು ನಮ್ಮ ನಿಯಮ. ಆಯೇಷಾ ಐದರಲ್ಲಿ ಮುಗಿಸುತ್ತಿದ್ದಳು. ವಿಮಲಮ್ಮನಿಗೆ ಇಪ್ಪತ್ತು ಬೇಕು. “ಅಚ್ಛಾ, ಸೊಸೆ ತವರಿಗೆ ಹೋಗಿದ್ದಾಳಾ? ಮತ್ತೆ ಅನ್ನಕ್ಕೇನು ಮಾಡ್ಕೋತೀರಿ?” ಎಂದು ಅವರು ಶುರು ಮಾಡಿದರೆ ನಾನು ಗಡಿಯಾರ ನೋಡುತ್ತ ಹಲ್ಲು ಕಚ್ಚುತ್ತಿದ್ದೆ.

ಹೇಳದೆ ಕೇಳದೆ ಹೆಸರು ಬರೆಯುವುದು ಸರಿಯಲ್ಲವೆಂದು ಗುರುವಾರ ಚಹಾದ ಹೊತ್ತಿಗೆ ವಿಮಲಮ್ಮನ ಮುಂದೆ ಕೂತೆ. “ಅಮ್ಮಾ, ನಿಮಗೆ ಪೆನ್ಶನ್ ಬರುತ್ತೆ. ನೀವು ಎದ್ದರೆ ಆ ಹುಡುಗಿಗೆ ಜಾಗ ಆಗುತ್ತೆ...” ಎಂದೆ.

ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಮುರಿಯುವ ಮುನ್ನ ಬಾಯಿಗೆ ಹಾಕಿಕೊಂಡರು. “ನೋಡಪ್ಪಾ ಹನುಮಂತ, ಎಕ್ಸ್‌ಚೇಂಜಿನಲ್ಲಿ ನನಗೂ ಹೀಗೇ ಹೇಳಿದ್ರು. ಹುಡುಗರಿಗೆ ಜಾಗ ಆಗುತ್ತೆ ಅಂತ. ಚಲೋ, ಆಗಲಿ ಅಂತ ಖುಷಿಯಿಂದ ಎದ್ದೆ. ತಿಂಗಳಾದ ಮೇಲೆ ಹೋಗಿ ನೋಡಿದ್ರೆ ನನ್ನ ಕುರ್ಚೀಲಿ ಯಾರೂ ಇಲ್ಲ. ಕುರ್ಚಿನೂ ಇಲ್ಲ! ಅಲ್ಲೊಂದು ನೀರಿನ ಕ್ಯಾನ್ ಇಟ್ಟಿದ್ರು.”

ನನ್ನ ಬಸ್ಸಿನ ಸಿದ್ಧಾಂತಕ್ಕೆ ಅಲ್ಲೇ ಪಂಕ್ಚರ್ ಆಯಿತು. ಆದರೂ ಹಠ ಬಿಡದೆ ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಆಯೇಷಾಳ ಹೆಡ್‌ಫೋನು ವಿಮಲಮ್ಮನ ಕಿವಿಯಲ್ಲಿ, ವಿಮಲಮ್ಮನ ಕೀಬೋರ್ಡು ಆಯೇಷಾಳ ಕೈಯಲ್ಲಿ! ಒಬ್ಬರ ಕರೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ರೇಗಲು ಬಾಯಿ ತೆರೆದೆ. ಆಯೇಷಾ, “ಸರ್, ಪ್ಲೀಸ್, ಒಂದ್ನಿಮಿಷ. ಈ ತಾತ ಐದನೇ ಸಲ ಫೋನ್ ಮಾಡ್ತಿರೋದು” ಎಂದು ಪಿಸುಗುಟ್ಟಿದಳು. ಆಸ್ಪತ್ರೆಯ ಚೀಟಿಯ ಫೋಟೊ ಕಳಿಸಿ ಎಂದು ಅವಳು ನಾಲ್ಕು ಸಲವೂ ಹೇಳಿದ್ದಳು, ತಾತ ನಾಲ್ಕು ಸಲವೂ ‘ಆಯ್ತಮ್ಮ’ ಅಂದಿದ್ದರು. ಕರೆ ಐದೇ ನಿಮಿಷ, ಕೆಲಸ ಮಾತ್ರ ಸೊನ್ನೆ.

ವಿಮಲಮ್ಮ ಮೆಲ್ಲಗೆ ಕೇಳಿದರು: “ಯಜಮಾನರೇ, ಫೋಟೊ ತೆಗೆಯೋಕೆ ಬರಲ್ಲ ಅಲ್ವಾ? ನಂಗೂ ಬರ್ತಿರಲಿಲ್ಲ. ಇಲ್ಲೊಬ್ಬಳು ಹುಡುಗಿ ಬೈದು ಬೈದು ಕಲಿಸಿದ್ಲು.” ಆ ಕಡೆ ತಾತ ನಕ್ಕರಂತೆ. ವಿಮಲಮ್ಮ ಹೇಳಿದಂತೆ ಹತ್ತೇ ನಿಮಿಷದಲ್ಲಿ ಅವರು ಪಕ್ಕದ ಔಷಧಿ ಅಂಗಡಿಗೆ ನಡೆದರು, ಅಂಗಡಿಯವರು ಫೋಟೊ ಕಳಿಸಿದರು, ಅದು ಬಂದ ಕೂಡಲೇ ಆಯೇಷಾಳ ಬೆರಳು ಓಡಿ ಅರ್ಜಿ ತುಂಬಿತು. ತಿಂಗಳಿನಿಂದ ಇವರಿಬ್ಬರೂ ನನ್ನ ಕಣ್ಣು ತಪ್ಪಿಸಿ, ಬಗೆಹರಿಯದ ಕರೆಗಳನ್ನು ಹೀಗೇ ಮುಗಿಸುತ್ತಿದ್ದರು. ಮುದುಕರು ಮಾತಾಡುವುದು ವಿಮಲಮ್ಮನೊಂದಿಗೆ, ಕಂಪ್ಯೂಟರ್ ಕೇಳುವುದು ಆಯೇಷಾಳ ಮಾತನ್ನು. ಒಬ್ಬರನ್ನು ತೆಗೆದರೆ ಇನ್ನೊಬ್ಬರು ಅರ್ಧ. ನನ್ನ ಡಿಗ್ರಿಗೆ ಹೊಳೆಯದ ಈ ಏರ್ಪಾಟನ್ನು ನೋಡಿ ರೇಗಲು ತೆರೆದ ಬಾಯಿ ತೆರೆದೇ ಇತ್ತು.

ಶುಕ್ರವಾರ ಎರಡೂ ಹೆಸರು ಬರೆದು, ನಡೆದದ್ದನ್ನೆಲ್ಲ ಅಭಿಮಾನದಿಂದ ಎರಡು ಪುಟ ವರ್ಣಿಸಿ ಕೊಟ್ಟೆ. ಮ್ಯಾನೇಜರ್ ಪೂರ್ತಿ ಓದಿದರು. “ಬಹುತ್ ಅಚ್ಛಾ! ಇಬ್ಬರನ್ನೂ ಕಾಯಂ ಮಾಡೋಣ” ಎಂದರು. ನನಗೆ ಕಣ್ಣು ತುಂಬಿತು. ಅಷ್ಟರಲ್ಲಿ ಅವರು ತಲೆಯೆತ್ತಿ, ಎಲ್ಲವನ್ನೂ ಇವರಿಬ್ಬರೇ ಮಾಡುವುದಾದರೆ ಇವರಿಗೊಬ್ಬ ಮುಖ್ಯಸ್ಥ ಯಾಕೆ ಎಂದು ಕೇಳಿದರು.

ಹುದ್ದೆ ಹೋಯಿತು, ನಾನು ಉಳಿದೆ. ಸೋಮವಾರದಿಂದ ನಾನೂ ಹೆಡ್‌ಫೋನು ಹಾಕಿಕೊಂಡು ಅವರಿಬ್ಬರ ನಡುವೆ ಕೂತಿದ್ದೇನೆ. ಮೊದಲ ಕರೆ ಹಾವೇರಿ ಕಡೆಯ ಒಬ್ಬ ಅಜ್ಜಿಯದು. ವಿಮಲಮ್ಮನಂತೆಯೇ ನಿಧಾನವಾಗಿ, ಊಟವಾಯಿತೇ ಎಂದು ಕೇಳಿಯೇ ಶುರು ಮಾಡಿದೆ.

“ನಿನಗ ವಯಸ್ಸೆಷ್ಟಪ್ಪಾ?” ಅಂದಿತು ಅಜ್ಜಿ.

“ನಲವತ್ತೊಂದು ಅಜ್ಜಿ.”

“ಅಯ್ಯ, ಇನ್ನೂ ಹುಡುಗ ಅದೀ! ಅಲ್ಲಿ ಯಾರರ ದೊಡ್ಡೋರಿದ್ರ ಅವರ ಕೈಯಾಗ ಕೊಡು.”

ಕೊಟ್ಟೆ. ಅರ್ಜಿಯನ್ನಾದರೂ ತುಂಬೋಣವೆಂದು ಕೀಬೋರ್ಡಿಗೆ ಕೈಹಾಕಿದರೆ ಆಯೇಷಾ, “ಬಿಡಿ ಸರ್, ನೀವು ಲೇಟ್ ಮಾಡ್ತೀರಿ” ಎಂದು ಎಳೆದುಕೊಂಡಳು. ಅವಳ ವಯಸ್ಸಿಗೆ ಹಿಂದಕ್ಕೆ ಹೋಗುವುದಂತೂ ಸಾಧ್ಯವಿಲ್ಲ. ನನಗೆ ಉಳಿದಿರುವುದು ಮುಂದೆ, ವಿಮಲಮ್ಮನ ವಯಸ್ಸಿನ ಕಡೆಗಿನ ದಾರಿಯೊಂದೇ. ಫೋನಿನಲ್ಲಿ ಕಾಣುವುದಿಲ್ಲ, ಗೊತ್ತು. ಆದರೂ ಮೊನ್ನೆಯಿಂದ ಕೂದಲಿಗೆ ಕಪ್ಪು ಹಚ್ಚುವುದನ್ನು ನಿಲ್ಲಿಸಿದ್ದೇನೆ.