ಬೀಗರ ಚಕ್ರದ ಮನೆ

ನಮ್ಮ ಬೀಗರು ನನ್ನ ಮೊಮ್ಮಗಳನ್ನು ಕದ್ದಿದ್ದಾರೆ. ಪೊಲೀಸರಿಗೆ ದೂರು ಕೊಡುವ ಹಾಗಿಲ್ಲ. ಯಾಕೆ ಹೇಳಿ? ಅವಳು ಅವರಿಗೂ ಮೊಮ್ಮಗಳೇ! ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟದ್ದು ನಾವೇ, ಸಂತೋಷದಲ್ಲಿ, ಬಾಳೆಲೆ ಹಾಕಿ ಊರಿಗೆಲ್ಲ ಬಡಿಸಿ. ಜಾತಕ ನೋಡುವಾಗ ಹುಡುಗನದ್ದು ನೋಡುತ್ತೇವೆ, ಹುಡುಗನ ಅಪ್ಪನದ್ದು ಯಾರಾದರೂ ನೋಡುತ್ತಾರಾ? ಅಲ್ಲಿ ನಾವು ಮೋಸ ಹೋದದ್ದು.

ಮಗಳು ಅಳಿಯ ಇರುವುದು ಪುತ್ತೂರಿನಲ್ಲಿ. ಬೀಗರದ್ದು ಕಾಣಿಯೂರು, ನನ್ನದು ರಾಮಕುಂಜ. ಹಾಗಾಗಿ ಮೊಮ್ಮಗಳಿಗೆ ಅವರು ಕಾಣಿಯೂರಜ್ಜ, ಅವರ ಹೆಂಡತಿ ಕಾಣಿಯೂರಜ್ಜಿ. ನಾನು ಮಾತ್ರ ಬರೇ ಅಜ್ಜಿ. ಊರಿನ ಹೆಸರು ಅಂಟಿಸದೆ ಬರೇ ಅಜ್ಜಿ ಅಂತ ಕರೆಸಿಕೊಳ್ಳುವುದು ಸಣ್ಣ ಪದವಿ ಅಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ನನಗೆ ಇರುವುದು ಅದೊಂದೇ ಡಿಗ್ರಿ. ಪರೀಕ್ಷೆ ಮುಗಿದ ಮರುದಿನ ಅವಳು ರಾಮಕುಂಜಕ್ಕೆ ಬರಬೇಕು, ನನ್ನ ಮಗ್ಗುಲಲ್ಲಿ ಮಲಗಬೇಕು, ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಮಾಡಬೇಕು. ಬೇಸಿಗೆ ರಜೆ ಅಂದರೆ ಹಾಗೆಯೇ ಇತ್ತು. ಬೀಗರು ಆ ಗಾಡಿಗೆ ಕೈ ಹಾಕುವವರೆಗೆ.

ಬೀಗರು ಮೊದಲು ಊರಿಂದೂರಿಗೆ ಜನ ಸಾಗಿಸುವ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಈಗ ಅವರೂ ರಿಟೈರ್ಡ್, ಜೀಪೂ ರಿಟೈರ್ಡ್. ಬೆಳಿಗ್ಗೆ ಎರಡೂ ಸ್ಟಾರ್ಟ್ ಆಗಬೇಕಾದರೆ ಸ್ವಲ್ಪ ಕೆಮ್ಮುತ್ತವೆ. ಆದರೆ ಸುಮ್ಮನೆ ಕೂತುಕೊಳ್ಳುವ ಜನ ಅಲ್ಲ. ಹಾಳಾದ ವಾಷಿಂಗ್ ಮಿಷನಿನ ಮೋಟರು ಬಿಚ್ಚಿ ತೆಂಗಿನಕಾಯಿ ತುರಿಯುವ ಯಂತ್ರ ಮಾಡಿದರು. ತುರಿಯುವುದೇನೋ ಚೆನ್ನಾಗಿಯೇ ತುರಿಯಿತು, ತುರಿಯನ್ನು ಮಾತ್ರ ಗೋಡೆಯಿಂದ ಕೆರೆದು ತೆಗೆಯಬೇಕಾಯಿತು. ಬಚ್ಚಲಿನ ಬಾಗಿಲಿಗೆ ಬಸ್ಸಿನ ಹಾರ್ನ್ ಇಟ್ಟರು. ನಾನು ಚಿಲಕ ಹಾಕಿದ್ದೇ ತಡ, ಅದು ಕಿರುಚಿದ್ದಕ್ಕೆ ಚೊಂಬು ಬಿಟ್ಟು ಹೊರಗೆ ಓಡಿ ಬಂದೆ.

"ಒಳಗೆ ಜನ ಉಂಟು ಅಂತ ಗೊತ್ತಾಗಲಿಕ್ಕೆ ಇಟ್ಟದ್ದು ಅಕ್ಕ" ಅಂದರು.

"ಗೊತ್ತಾಯಿತು ಮಾರಾಯ್ರೆ. ಕಡಬದವರಿಗೂ ಗೊತ್ತಾಯಿತು" ಅಂದೆ.

ಅವರ ಹೆಂಡತಿ ಪಾಪ, ಎಲ್ಲದಕ್ಕೂ ಒಗ್ಗಿಕೊಂಡಿದ್ದಾರೆ. "ಮನೆಯಲ್ಲಿ ಎಂತಾದರೂ ಕಾಣದಿದ್ದರೆ ನಾನು ಹುಡುಕುದೇ ಇಲ್ಲ ಅಕ್ಕ, ಸೀದಾ ಶೆಡ್ಡಿಗೆ ಹೋಗುದು. ಮೊನ್ನೆ ಫ್ರಿಜ್ಜಿನ ಬಾಗಿಲೂ ಅಲ್ಲೇ ಸಿಕ್ಕಿತು."

ಮೊಮ್ಮಗಳಿಗೆ ಆಗ ಏಳು ವರ್ಷ. ಫೋನಿನಲ್ಲಿ ಎಂತದೋ ನೋಡಿದಳು. ಯಾವುದೋ ದೇಶದಲ್ಲಿ ಕಾರಿನ ಹಿಂದೆ ಒಂದು ಗುಬ್ಬಿ ಗೂಡಿನಂಥ ಮನೆ ಕಟ್ಟಿಕೊಂಡು ಕಾಡಿಗೆ ಹೋಗುತ್ತಾರಂತೆ, ಅಲ್ಲೇ ಬೇಯಿಸಿ ತಿಂದು ಅದರೊಳಗೇ ಮಲಗುತ್ತಾರಂತೆ. "ನಮಗೂ ಒಂದು ಬೇಕು" ಅಂದಳು. ನಾನು, "ಮಲಗಲಿಕ್ಕೆ ನಿನಗೆ ಮನೆ ಇಲ್ಲವಾ ಮಗಾ?" ಅಂತ ಕೇಳಿದೆ. ಎಷ್ಟು ಬುದ್ಧಿಯ ಮಾತು! ಯಾರಿಗೆ ಬೇಕು ಅದು? ಬೀಗರು ಕೂತಲ್ಲಿಂದಲೇ "ಮಾಡುವ" ಅಂದರು.

ಈ "ಮಾಡುವ" ಉಂಟಲ್ಲ, ಅವರಿಗೆ ಗೊತ್ತಿರುವ ಒಂದೇ ಮಂತ್ರ. ಮಕ್ಕಳು ಏನು ಕೇಳಿದರೂ ನಾವೆಲ್ಲ "ನೋಡುವ" ಅನ್ನುತ್ತೇವೆ. ಅವರು "ಮಾಡುವ" ಅನ್ನುತ್ತಾರೆ. ಇಂಥವರ ಎದುರು ಸ್ಪರ್ಧೆಗೆ ನಿಲ್ಲುವುದು ಹೇಗೆ?

ಅಳತೆ ತೆಗೆದದ್ದನ್ನು ನಾನೇ ಕಣ್ಣಾರೆ ನೋಡಿದೆ. ಅಂಗಳದಲ್ಲಿ ಪ್ಲೈವುಡ್ ಹಾಸಿ, ಮಗುವನ್ನು ಅದರ ಮೇಲೆ ಅಂಗಾತ ಮಲಗಿಸಿ, ಮರಗೆಲಸದ ದಪ್ಪ ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದರು. ತಲೆ, ಹೆಗಲು, ಅಗಲಿಸಿದ ಕೈಬೆರಳು, ಎಲ್ಲ.

"ಎಂತ ಮಾವ ಇದು, ಟೀವಿಯಲ್ಲಿ ಪೊಲೀಸರು ಹೆಣದ ಸುತ್ತ ಎಳೆದ ಹಾಗೆ!" ಅಂತ ನನ್ನ ಮಗಳು ಕೂಗಿದಳು.

"ಅಳತೆ ತಪ್ಪಬಾರದಲ್ಲ" ಅಂದರು. ಬೆಳೆಯುವ ಮಗು ಅಂತ ತಲೆಯ ಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟರು. "ಗುಡ್ಡೆ ಹತ್ತುವ ಗಾಡಿ, ದೊಡ್ಡದು ಮಾಡಿದರೆ ಓಣಿಯಲ್ಲಿ ಸಿಕ್ಕಿ ಬೀಳ್ತದೆ. ಒಳಗೆ ಇವಳು. ಹೊರಗೆ ಟರ್ಪಾಲು ಕಟ್ಟಿ ನಾನು ಕಾವಲು."

ಹಾಗಾದರೆ ನಾನು? ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಾಯಿ ಬಿಟ್ಟು ಕೇಳಿದರೆ ಮರ್ಯಾದೆ ಎಂತಾಗುತ್ತದೆ?

ಅಲ್ಲಿಂದ ಯುದ್ಧ ಸುರುವಾಯಿತು. ಅವರು ಗುಜರಿಯಿಂದ ಯಾವುದೋ ಹಳೆ ಜೀಪಿನ ಆಕ್ಸೆಲ್ ತಂದರು, ನಾನು ಸೇಮಿಗೆ ಒತ್ತಿ ಕಾಯಿಹಾಲು ಮಾಡಿದೆ. ಅವರು ತಗಡು ಬಗ್ಗಿಸಿ ಮೇಲೆ ಮಾಡು ಕೂರಿಸಿದರು, ನಾನು ಹಲಸಿನ ಹಪ್ಪಳ ಕರಿದೆ. ಅವರು ಹಿಂದೆ ಡಿಕ್ಕಿ ಎತ್ತಿದರೆ ಅಡುಗೆಮನೆ ಬರುವ ಹಾಗೆ ಮಾಡಿದರು. ನಾನು ಊರುಕೋಳಿಯ ಸಾರಿಗೇ ಇಳಿದೆ. ಮೊಮ್ಮಗಳು ಬೆರಳು ನೆಕ್ಕುತ್ತಾ ಎಂತ ಹೇಳಿದಳು ಗೊತ್ತುಂಟಾ? "ಅಜ್ಜಿ, ಇದನ್ನು ಟ್ರೈಲರಿನಲ್ಲಿ ಕೂತು ತಿಂದರೆ ಹೇಗಿದ್ದೀತು!"

ಕೋಳಿ ನನ್ನದು, ಹೊಗಳಿಕೆ ತಗಡಿಗೆ.

ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಸಂಜೆ ದೀಪ ಹಚ್ಚುವಾಗ ದೇವರ ಹತ್ತಿರ ಹೇಳಿಕೊಂಡೆ: ಬೀಗರಿಗೆ ಎಂತದೂ ಆಗಬಾರದು, ಅವರ ವೆಲ್ಡಿಂಗ್ ಮಿಷನಿಗೆ ಮಾತ್ರ ಸ್ವಲ್ಪ ಏನಾದರೂ ಆಗಲಿ. ಮರುದಿನ ಕಾಣಿಯೂರಲ್ಲಿ ಕರೆಂಟು ಹೋಯಿತು. ರಾಮಕುಂಜದಲ್ಲಿಯೂ ಹೋಯಿತು. ನನ್ನ ಇಡ್ಲಿ ಹಿಟ್ಟು ಗ್ರೈಂಡರಿನಲ್ಲಿ ಅರ್ಧಕ್ಕೇ ನಿಂತಿತು. ದೇವರಿಗೆ ಎರಡೂ ಊರು ಒಂದೇ ಲೈನು!

ಗಾಡಿ ಹೊಂಡದಲ್ಲಿ ಹೋದರೂ ಒಳಗೆ ಕುಲುಕಬಾರದು ಅಂತ ಅವರದ್ದು ಹಟ. ಅದಕ್ಕೊಂದು ಪರೀಕ್ಷೆ ಇಟ್ಟರು. ಒಳಗೆ ಬುಟ್ಟಿ ತುಂಬ ಮೊಟ್ಟೆ ಇಟ್ಟು, ಜೀಪಿಗೆ ಕೊಂಡಿ ಸಿಕ್ಕಿಸಿ, ಕೊಯಿಲದ ಗುಡ್ಡೆ ಹತ್ತಿ ಇಳಿದು ಬಂದರು. ಆ ಕೂಡಲೇ ನನಗೆ ಫೋನು.

"ಅಕ್ಕ, ಒಂದೇ ಒಂದು ಮೊಟ್ಟೆ ಒಡೆಯಲಿಲ್ಲ! ಹೂವಿನ ಹಾಗೆ ಬಂತು ಗಾಡಿ."

ಫೋನು ಇಟ್ಟ ಮೇಲೆ ನಾನು ತೊಳೆದ ಪಾತ್ರೆಗಳನ್ನೇ ಮತ್ತೆ ಸದ್ದು ಮಾಡಿ ತೊಳೆದೆ. ಆಮೇಲೆ ಬೀಗಿತ್ತಿಯ ಫೋನು ಬಂತು, ಪಿಸುದನಿಯಲ್ಲಿ. "ಅಕ್ಕ, ಇವರಿಗೆ ಹೇಳಬೇಡಿ. ಸುಮ್ಮನೆ ಹಾಳಾಗ್ತದೆ ಅಂತ ನಾನು ಮೊಟ್ಟೆ ಎಲ್ಲ ಬೇಯಿಸಿಯೇ ಕೊಟ್ಟದ್ದು."

ಆ ದಿನ ರಾಮಕುಂಜದಲ್ಲಿ ನನ್ನಷ್ಟು ನಕ್ಕವರು ಯಾರೂ ಇಲ್ಲ.

ಹೀಗೆ ಮಾಡುತ್ತಾ, ಮಳೆಗಾಲದಲ್ಲಿ ನಿಲ್ಲಿಸುತ್ತಾ, ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುತ್ತಾ ವರ್ಷಗಳೇ ಹೋದವು. ಗಾಡಿ ನಿಧಾನ. ಮಗು ನಿಲ್ಲುತ್ತದಾ? ಮಳೆಗೆ ಬಿದಿರಿನ ಕಣಿಲೆ ಎದ್ದ ಹಾಗೆ ಎದ್ದಳು. ಈ ಸಲ ರಜೆಗೆ ಬಂದವಳು, "ಅಜ್ಜಿ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿ" ಅಂದಳು. ನಿಂತೆ. ನನ್ನ ತಲೆ ಅವಳ ಕಿವಿಯ ಹತ್ತಿರ ಮುಗಿಯಿತು. ನಾನೇನು ಎತ್ತರದವಳಲ್ಲ ಬಿಡಿ. ನಮ್ಮ ಅಡುಗೆ ಕಟ್ಟೆ ಮಾಡಿಸಿದ್ದು ನನ್ನ ಅತ್ತೆ, ಅವರ ಎತ್ತರಕ್ಕೆ. ಮದುವೆಯಾಗಿ ಬಂದಂದಿನಿಂದ ಇಂದಿನವರೆಗೂ ನಾನು ಮಣೆ ಹತ್ತಿಯೇ ಸಾರು ಕುದಿಸಿದವಳು.

ಕಡೆಗೂ ಗಾಡಿ ಆಯಿತು. ಕಾಣಿಯೂರಿನ ಅಂಗಳದಲ್ಲಿ ಪೂಜೆ, ಚಕ್ರದ ಅಡಿಗೆ ನಿಂಬೆಹಣ್ಣು. ಹಸಿರು ಬಣ್ಣ ಬಳಿದುಕೊಂಡು ಮಿಡತೆಯ ಹಾಗೆ ಕೂತಿತ್ತು ಆ ಗಾಡಿ. ಹಾಳಾದ್ದು ಚಂದವೂ ಇತ್ತು. ಬೀಗರು ಬಾಗಿಲು ತೆರೆದು, "ಬಾ ಮಗಾ, ಮಲಗು" ಅಂದರು.

ಮೊಮ್ಮಗಳು ನುಸುಳಿ ಮಲಗಿದಳು. ಪಾದ ಎರಡೂ ಬಾಗಿಲಿನಿಂದ ಹೊರಗೆ ಉಳಿದವು.

ನನ್ನ ಸಂತೋಷ ಕೇಳಬೇಡಿ. ಪಾಯಸ ಎರಡನೇ ಸಲ ಬಡಿಸಿಕೊಂಡೆ. ಆದರೆ ಗುಟುಕು ಗಂಟಲಲ್ಲಿ ಇಳಿಯುವ ಮೊದಲೇ ಬೀಗರ ಮುಖ ಕಂಡಿತು. ಆ ಪಾದಗಳನ್ನೇ ನೋಡುತ್ತಾ ನಿಂತಿದ್ದರು. ಯಾರೋ, "ಕತ್ತರಿಸಿ ಉದ್ದ ಮಾಡಿದರಾಯಿತು" ಅಂದರು. ಬೀಗರು "ಮಾಡುವ" ಅನ್ನಲಿಲ್ಲ. ಸುಮ್ಮನೆ ಕತ್ತರಿಸುವ ಮಿಷನು ತರಲಿಕ್ಕೆ ಶೆಡ್ಡಿನ ಕಡೆ ತಿರುಗಿದರು.

"ಕಾಣಿಯೂರಜ್ಜ, ಕಟ್ ಮಾಡುದು ಬೇಡ" ಅಂದಳು ಮೊಮ್ಮಗಳು. "ಅದು ಅಜ್ಜಿಗೆ ಸರಿ ಆಗ್ತದೆ. ನಾನು ಅಳತೆ ನೋಡಿಯೇ ಬಂದದ್ದು. ಅಜ್ಜಿ ಒಳಗೆ ಮಲಗಲಿ, ನಾನೂ ನೀವೂ ಹೊರಗೆ ಟರ್ಪಾಲಿನಲ್ಲಿ ಕಾವಲು."

ಬೆನ್ನಿಗೆ ಬೆನ್ನು ಕೊಟ್ಟದ್ದು ಇದಕ್ಕಾ!

ನಾನು ಬೇಡ ಬೇಡ ಅಂತ ಹೇಳುತ್ತಾ ಹೇಳುತ್ತಾ ಮೊದಲು ಹಿಂದಿನ ಅಡುಗೆಮನೆಯ ಹತ್ತಿರ ಹೋಗಿ ನಿಂತೆ. ಅಭ್ಯಾಸಬಲ, ಕಾಲು ಮಣೆ ಹುಡುಕಿತು. ಮಣೆ ಇರಲಿಲ್ಲ. ಬೇಕಾಗಲೂ ಇಲ್ಲ. ಸಣ್ಣ ಮಗು ಆಟ ಆಡಲಿ ಅಂತ ಮಾಡಿದ ಕಟ್ಟೆ ನನ್ನ ಸೊಂಟಕ್ಕೆ ಸರಿಯಾಗಿ ಬಂದಿತ್ತು.

ಆಮೇಲೆ ಒಳಗೆ ಹತ್ತಿದೆ. ಹಾಸಿಗೆ ಇನ್ನೂ ಹಾಕಿರಲಿಲ್ಲ, ಬರೀ ಹಲಗೆ. ಹಲಗೆಯ ಮೇಲೆ ವಾರ್ನಿಶ್, ವಾರ್ನಿಶಿನ ಅಡಿಯಲ್ಲಿ ಪೆನ್ಸಿಲಿನ ಗೆರೆ. ಏಳು ವರ್ಷದ ನನ್ನ ಮಗು ಕೈ ಅಗಲಿಸಿ ಅಲ್ಲೇ ಮಲಗಿತ್ತು. ಅಷ್ಟು ಉಜ್ಜಿ, ಅಷ್ಟು ಸಲ ಬಿಚ್ಚಿ ಜೋಡಿಸಿದ ಮನುಷ್ಯ ಆ ಗೆರೆಯೊಂದನ್ನು ಉಜ್ಜಿ ತೆಗೆಯಲಿಲ್ಲ. ಮೇಲಿಂದ ವಾರ್ನಿಶ್ ಬಳಿದು ಜೋಪಾನ ಮಾಡಿದ್ದರು.

ನಾನು ಮೆಲ್ಲ ಅದರ ಮಗ್ಗುಲಿಗೆ ಒರಗಿದೆ. ಸೆರಗಿನ ತುದಿಯನ್ನು ಆ ಗೆರೆಯ ಪುಟ್ಟ ಅಂಗೈಯಲ್ಲಿ ಇಟ್ಟೆ.

ಹೊರಗಿನಿಂದ ಬೀಗರು ಕೇಳಿದರು, "ಸರಿ ಆಯಿತಾ ಅಕ್ಕ? ನಾಳೆ ಹೊಳೆಬದಿಗೆ ಹೋಗುವನಾ?"

ಕಾಲು ಚಾಚಿ ನೋಡಿದೆ, ಪಾದ ಎರಡೂ ಒಳಗೇ ಉಳಿದವು.

"ಹೋಗುವ" ಅಂದೆ. "ಮೊಟ್ಟೆ ಮಾತ್ರ ನಾನು ತರ್ತೇನೆ."