ಅಧ್ಯಕ್ಷರು ಬಾಯಿ ಮುಚ್ಚಿದ ದಿನ

“ಮನಸ್ಸು ಮಾಡಿದರೆ ಬೆಟ್ಟಾನೇ ಅಲುಗಾಡಿಸೋನು ನಾನು. ಎಲುಬಿಲ್ಲದ ಈ ನಾಲಿಗೆ ಯಾವ ಲೆಕ್ಕ!” ಎಂದು ಅಧ್ಯಕ್ಷರು ಮೇಜು ಗುದ್ದಿದರು. ಮೇಜಿನ ಮೇಲಿದ್ದ ಚಹಾದ ಲೋಟಗಳೆಲ್ಲ ಒಮ್ಮೆ ಎದ್ದು ನಿಂತು ಕುಳಿತವು.

ಅಧ್ಯಕ್ಷರೆಂದರೆ ‘ದೂರದ ಮಕ್ಕಳ ಬಳಗ’ದ ಅಧ್ಯಕ್ಷರು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ, ಹೆಮ್ಮೆಗೆ ಬಳಗ. ಸಮುದ್ರದಾಚೆಯ ದೇಶವೊಂದರಲ್ಲಿ ಬಡಮಕ್ಕಳ ಶಾಲೆಯೊಂದಿತ್ತು. ಬೀದಿಯವರೆಲ್ಲ ಸೇರಿ ಹಳೆ ಬಟ್ಟೆ ಮಾರಿ, ಕೇಕು ಮಾರಿ, ದೇಣಿಗೆಗಾಗಿ ಓಟ ಓಡಿ, ಆ ಶಾಲೆಗೆ ಕೈಲಾದಷ್ಟು ಕಳಿಸುತ್ತಿದ್ದರು. ಪ್ರತಿ ಕಾರ್ಯಕ್ರಮದ ಕೊನೆಗೂ ಅಧ್ಯಕ್ಷರ ಭಾಷಣ. ಸಂಗ್ರಹ ಹಿಡಿಯಷ್ಟು, ಭಾಷಣ ಮೂಟೆಯಷ್ಟು! ಮಾರಲು ಇಟ್ಟ ಕೇಕು ಹಳಸುವ ತನಕ ಮಾತಾಡಿದ ಕೀರ್ತಿ ಅವರದು. ಬೀದಿಯವರು ಬೆನ್ನ ಹಿಂದೆ ಅವರನ್ನು ‘ಮೈಕಾಸುರ’ ಎನ್ನುತ್ತಿದ್ದರು. ಮುಖದೆದುರು ಏನಾದರೂ ಅನ್ನೋಣವೆಂದರೆ ಸಂದೇ ಸಿಗುತ್ತಿರಲಿಲ್ಲ.

ಈ ವರ್ಷ ಆ ಶಾಲೆಯ ಶಿಕ್ಷಕಿ ಕೇಳಿದ್ದು ಒಂದೇ ಒಂದು: ನೀರು ಶುದ್ಧ ಮಾಡುವ ಯಂತ್ರ. ಅಲ್ಲಿನ ಬಾವಿಯ ನೀರು ಕುಡಿದು ಮಕ್ಕಳಿಗೆ ಸದಾ ಹೊಟ್ಟೆನೋವು. ಹೋದ ವರ್ಷವೂ ಆಕೆ ಅದನ್ನೇ ಕೇಳಿದ್ದಳು. ಬಳಗ ಅಧ್ಯಕ್ಷರ ಭಾಷಣವನ್ನು ಮುದ್ರಿಸಿ, ಜೊತೆಗೆ ಒಂದು ಪೆಟ್ಟಿಗೆ ಸ್ವೆಟರ್ ಕಳಿಸಿತ್ತು. ಅಲ್ಲಿ ವರ್ಷಪೂರ್ತಿ ಸೆಕೆ ಎಂಬುದು ಆಮೇಲೆ ತಿಳಿಯಿತು.

ಬಳಗದ ಖಜಾಂಚಿಯಾದ ಹೆಂಡತಿಯೇ ಈ ಸಲ ದಾರಿ ತೋರಿಸಿದಳು. “ರೀ, ಇಷ್ಟು ವರ್ಷ ಮಾತಾಡಿ ಬೇಡಿದ್ವಿ. ಈ ಸಲ ಬಾಯಿ ಮುಚ್ಚಿ ಬೇಡೋಣ. ಒಂದು ದಿನ, ಎದ್ದಾಗಿನಿಂದ ಸಂಜೆ ಆರರ ತನಕ ನೀವು ಮೌನ. ನೀವು ಸುಮ್ಮನಿದ್ದಷ್ಟು ಹೊತ್ತಿಗೂ ಜನ ದುಡ್ಡು ಕೊಡ್ತಾರೆ.”

“ಸುಮ್ಮನಿರೋದಕ್ಕೆ ಯಾರೇ ದುಡ್ಡು ಕೊಡ್ತಾರೆ?”

“ನೀವು ಸುಮ್ಮನಿದ್ರೆ ಕೊಡ್ತಾರೆ.”

ಕೊಟ್ಟರು! ಮೊದಲು ಓಡಿ ಬಂದವನು ಕ್ಷೌರಿಕ. ತನ್ನ ಕುರ್ಚಿಯಲ್ಲೇ ಕೂತು ತನಗೇ ಮಾತಾಡಲು ಬಿಡದ ಏಕೈಕ ಗಿರಾಕಿಗಾಗಿ ಆತ ಉದಾರವಾಗಿ ಕೈ ಬಿಚ್ಚಿದ. ಗ್ರಂಥಾಲಯದಾಕೆ “ಒಂದೇ ದಿನಾನಾ? ವಾರ ಮಾಡೋಕಾಗಲ್ವಾ?” ಎಂದು ಕೇಳಿದಳು. ಅಧ್ಯಕ್ಷರ ಎದೆ ಉಬ್ಬಿತು.

“ನೋಡಿದ್ಯಾ, ಜನಕ್ಕೆ ನನ್ನ ಮೇಲೆ ಎಷ್ಟು ಪ್ರೀತಿ!”

“ನೋಡ್ತಾನೇ ಇದ್ದೀನಿ,” ಎಂದಳು ಹೆಂಡತಿ.

ಎಲ್ಲರಿಗಿಂತ ದೊಡ್ಡ ಮಾತು ಕೊಟ್ಟವರು ಕೆಳಗಿನ ಮನೆಯ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯಲ್ಲೇ ಅವರ ದವಾಖಾನೆ. ಅಧ್ಯಕ್ಷರ ಕುರ್ಚಿಯ ಮೇಲೆ ಬಹಳ ದಿನದಿಂದ ಅವರ ಕಣ್ಣು. “ನಾನು ದಿನಾ ಜನರ ಬಾಯಿ ತೆರೆಸೋನು. ನಿಮ್ಮ ಬಾಯಿ ಮುಚ್ಚಿದ್ದನ್ನ ಇವತ್ತಿನ ತನಕ ನೋಡಿಲ್ಲ. ಆರರ ತನಕ ತಡೆದುಬಿಡಿ, ನೀರಿನ ಯಂತ್ರದ ಪೂರ್ತಿ ಖರ್ಚು ನಂದು! ಒಂದಕ್ಷರ ಉದುರಿತೋ, ನಂದು ಬಿಡಿಗಾಸೂ ಇಲ್ಲ. ಬೇಕಾದರೆ ಕೈಸನ್ನೆ ಮಾಡಿಕೊಳ್ಳಿ. ಬರೆದು ತೋರಿಸೋ ಹಾಗಿಲ್ಲ. ನೀವು ಬರೆಯೋಕೆ ಕೂತರೂ ಅದು ಭಾಷಣವೇ.”

ಆಗಲೇ ಅಧ್ಯಕ್ಷರು ಮೇಜು ಗುದ್ದಿದ್ದು.

ಆ ದಿನ ಬಂತು. ಹೆಂಡತಿ ಬೆಳಿಗ್ಗೆಯೇ ಸಭಾಂಗಣ ಸಿಂಗರಿಸಲು ಹೋದಳು. ಸಂಜೆ ಅಲ್ಲಿ ದೊಡ್ಡ ಪರದೆಯ ಮೇಲೆ ಆ ಶಾಲೆಯ ಮಕ್ಕಳು ಕಾಣಿಸಿಕೊಳ್ಳುವವರಿದ್ದರು. ಮನೆಯಲ್ಲಿ ಉಳಿದವರು ಅಧ್ಯಕ್ಷರು ಮತ್ತು ಅವರ ಅತ್ತೆ.

ಅತ್ತೆಗೆ ಕಿವಿ ಮಂದ. ಕಿವಿಗೆ ಹಾಕಿಕೊಳ್ಳುವ ಮಿಷನ್ ಇತ್ತು. ಆದರೆ ಅಳಿಯ ಮನೆಯಲ್ಲಿರುವಾಗ ಅದನ್ನು ತೆಗೆದಿಡುವುದು ಅವರ ಆರೋಗ್ಯದ ಗುಟ್ಟು. ಮೌನದ ವಿಷಯವನ್ನು ಮಗಳು ಹಿಂದಿನ ದಿನವೇ ವಿವರವಾಗಿ ಹೇಳಿದ್ದಳು. ಆಗ ಮಿಷನ್ ಡಬ್ಬಿಯಲ್ಲಿತ್ತು. ಅತ್ತೆ ನಗುತ್ತ ತಲೆಯಾಡಿಸಿದ್ದರು.

ಅಧ್ಯಕ್ಷರು ಸಂಜೆಗೆ ಬೇಕಾದ ಬಿಳಿ ಅಂಗಿಯನ್ನು ನೆನೆಹಾಕಲು ಬಚ್ಚಲಿನ ಸಿಂಕಿಗೆ ಬಿರಡೆ ಬಿಗಿದು ನಲ್ಲಿ ತಿರುಗಿಸಿದರು. ಬುಸ್ಸೆಂದು ಗಾಳಿ ಬಂತು, ನೀರು ಬರಲಿಲ್ಲ. ಬೇರೆ ದಿನವಾಗಿದ್ದರೆ ನೀರಿನ ಇಲಾಖೆಯ ವಂಶವನ್ನೆಲ್ಲ ಬೀದಿಗೆ ಕೇಳುವಂತೆ ಜಾಲಾಡುತ್ತಿದ್ದರು. ನಲ್ಲಿ ತೆರೆದಿರುವುದು ಬೀದಿಗೇ ನೆನಪಿರುತ್ತಿತ್ತು. ಇಂದು ಬೈಯುವಂತಿಲ್ಲ. ಬೈಯದೆ ಬಿಟ್ಟ ನಲ್ಲಿ ಮರೆತೇಹೋಯಿತು! ಸಿಂಕಿನಲ್ಲಿ ಅಂಗಿ, ತೆರೆದ ನಲ್ಲಿ, ಬಿಗಿದ ಬಿರಡೆ. ಅಧ್ಯಕ್ಷರು ಮಾತ್ರ ಹಜಾರಕ್ಕೆ ಬಂದು, ಸಂಜೆ ಆರಾದ ಮೇಲೆ ಮಾಡಬೇಕಾದ ಭಾಷಣವನ್ನು ತುಟಿಯಲ್ಲೇ ಅಭ್ಯಾಸ ಮಾಡತೊಡಗಿದರು. ತುಟಿ ಅಲ್ಲಾಡಿತು, ಕೈ ಆಕಾಶಕ್ಕೆ ಏರಿತು, ಸದ್ದು ಮಾತ್ರ ಇಲ್ಲ.

ಮಗಳು ಫೋನ್ ಮಾಡಬಹುದೆಂದು ಅತ್ತೆ ಅಂದು ಮಿಷನ್ ಹಾಕಿಕೊಂಡಿದ್ದರು. ಕೋಣೆಯಿಂದ ಹೊರಬಂದು ನೋಡುತ್ತಾರೆ: ಅಳಿಯ ಬಾಯಿಬಡಿಯುತ್ತಿದ್ದಾನೆ, ಒಂದು ಚೂರೂ ಕೇಳಿಸುತ್ತಿಲ್ಲ!

“ಅಳಿಯಂದಿರೇ, ಏನಂದ್ರಿ?”

ಅಧ್ಯಕ್ಷರು ಬೆಚ್ಚಿ ತುಟಿಗೆ ಬೆರಳಿಟ್ಟರು.

“ಬಾಯಿ ಹುಣ್ಣಾ?”

ಅವರು ತಲೆಯಲ್ಲಾಡಿಸಿ ಕಿವಿ ತೋರಿಸಿ, ನಿಮಗೆ ಮಗಳು ಹೇಳಲಿಲ್ಲವೇ ಎಂಬಂತೆ ಕೈ ತಿರುಗಿಸಿದರು.

“ಅಯ್ಯೋ! ನನ್ನ ಕಿವಿ ಪೂರ್ತಿ ಹೋಯ್ತು ಅಂತೀರಾ? ನಿಮ್ಮ ಗಂಟಲೇ ಕೇಳಿಸ್ತಿಲ್ಲ ಅಂದ್ಮೇಲೆ ಇನ್ನೇನು ಉಳೀತು!” ಎಂದು ಅತ್ತೆ ಕುರ್ಚಿಗೆ ಕುಸಿದರು. ಅಧ್ಯಕ್ಷರು ಸಮಾಧಾನಕ್ಕೆಂದು ಒಂದು ಲೋಟ ಚಹಾ ತಂದು ಮುಂದಿಟ್ಟರು. ಅತ್ತೆ ಕೊನೆಯ ಪ್ರಯತ್ನವೆಂದು ಮಿಷನ್ನಿನ ತಿರುಪನ್ನು ತುದಿ ಮುಟ್ಟುವ ತನಕ ತಿರುಗಿಸಿದರು.

ಅದೇ ಗಳಿಗೆಗೆ ಬಾಗಿಲ ಗಂಟೆ ಹೊಡೆಯಿತು.

ಅತ್ತೆಯ ಕಿವಿಯೊಳಗೆ ಸಿಡಿಲೇ ಬಿತ್ತು. “ಸತ್ತೇ!” ಎಂದು ಚೀರಿ ಮಿಷನ್ ಕಿತ್ತೆಸೆದರು. ಅದು ಗಾಳಿಯಲ್ಲಿ ಲಾಗ ಹಾಕಿ ನೆಟ್ಟಗೆ ಚಹಾದ ಲೋಟದಲ್ಲಿ ಮುಳುಗಿತು. ಬಾಗಿಲಲ್ಲಿ ಹಲ್ಲಿನ ಡಾಕ್ಟರು, ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ನಿಂತಿದ್ದರು.

“ಏನಿಲ್ಲ ಅಧ್ಯಕ್ಷರೇ, ಹೋದ ಸಲದ ನಿಮ್ಮ ಭಾಷಣ ಸ್ವಲ್ಪ ಗಿಡ್ಡವಾಯ್ತು ಅಂತ ಜನ ಮಾತಾಡ್ತಿದ್ರು. ನೀವೇನಂತೀರಾ?”

ಅಧ್ಯಕ್ಷರ ಗಂಟಲಲ್ಲಿ ಮಾತು ಬೆಕ್ಕಿನ ಬಾಯಿಯ ಇಲಿಯಂತೆ ಒದ್ದಾಡಿತು. ಅವರು ಅದನ್ನು ನುಂಗಿ ಬಾಗಿಲು ಹಾಕಿದರು. ಅತ್ತ ಅತ್ತೆ ಚಮಚದಲ್ಲಿ ಮಿಷನ್ ಹುಡುಕುತ್ತ ಗೋಳೋ ಎಂದು ಅಳುತ್ತಿದ್ದರು. ಆ ಅಳುವಿನಲ್ಲಿ ಬಚ್ಚಲಿನ ನಲ್ಲಿಗೆ ನೀರು ಬಂದದ್ದು ಯಾರಿಗೂ ಕೇಳಿಸಲಿಲ್ಲ.

ತುಸು ಹೊತ್ತಿಗೆ ಬಾಗಿಲು ದಬದಬ! ಡಾಕ್ಟರೇ ಮತ್ತೆ. ಈ ಸಲ ಹಲ್ಲು ಕಾಣಿಸಲಿಲ್ಲ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ರೀ ಸ್ವಾಮಿ! ರೋಗಿ ಬಾಯಿ ತೆರೆದು ಮಲಗಿದ್ದ. ಬಾಯಿ ಮುಕ್ಕಳಿಸಿ ಅಂತ ನಾನು ಹೇಳೋ ಮುಂಚೇನೇ ಮೇಲಿಂದ ಬಾಯಿ ತುಂಬಿಹೋಯ್ತು! ಏನು ನಡೀತಿದೆ ಇಲ್ಲಿ?”

ಅಧ್ಯಕ್ಷರು ಬಚ್ಚಲಿಗೆ ಓಡಿದರು. ನಲ್ಲಿ ನಿಲ್ಲಿಸಿ, ಅಂಗಿ ಎತ್ತಿಕೊಂಡು ತಿರುಗಿದ್ದೇ ತಡ, ನೀರಿನಲ್ಲಿ ಕಾಲು ಜಾರಿ, ಒದ್ದೆ ಅಂಗಿಯ ಸಮೇತ ಅಂಗಾತ ಬಿದ್ದರು. ಸೊಂಟದಿಂದ ನೆತ್ತಿಗೆ ನೋವು ಏಣಿ ಹಾಕಿಕೊಂಡು ಹತ್ತಿತು. ಬಾಯಿ ತಾನಾಗಿ ತೆರೆಯಿತು.

ಡಾಕ್ಟರು ಕೋಪ ಮರೆತು ಮಂಡಿಯೂರಿ ಬಗ್ಗಿದರು. “ಹಾಂ, ಹಾಂ, ಬರಲಿ! ‘ಅಮ್ಮಾ’ ಅಂದ್ರೂ ಲೆಕ್ಕ. ‘ಅಯ್ಯೋ’ ಅಂದ್ರೂ ಲೆಕ್ಕ!”

ಅಧ್ಯಕ್ಷರ ಕಣ್ಣಿಗೆ ಕತ್ತಲೆ ಕವಿಯಿತು. ಆ ಕತ್ತಲಲ್ಲಿ, ಇಷ್ಟು ವರ್ಷ ಭಾಷಣಗಳಲ್ಲಿ ಕಣ್ಣೀರಿಗೆ ಮಾತ್ರ ಬಳಸಿಕೊಂಡಿದ್ದ ಆ ಮಕ್ಕಳು, ಏಕೋ ಮೊದಲ ಬಾರಿಗೆ, ಹೊಟ್ಟೆ ಹಿಡಿದುಕೊಂಡು ಕೂತಂತೆ ಕಂಡರು. ಅಧ್ಯಕ್ಷರು ಒದ್ದೆ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ಕಚ್ಚಿದರು.

ಅಷ್ಟರಲ್ಲಿ ಅತ್ತೆ ಬಂದರು. ಅಳಿಯ ನೆಲದ ಮೇಲೆ, ಬಾಯಲ್ಲಿ ಬಟ್ಟೆ, ಕಣ್ಣು ಮೇಲೆ! “ಲಕ್ವ! ಲಕ್ವ ಹೊಡೀತು!” ಎಂದು ಕೂಗಿ ಮಗಳಿಗೆ ಫೋನ್ ಹಚ್ಚಿದರು. “ಬೇಗ ಬಾರೇ! ಅಳಿಯಂದಿರ ಬಾಯಿ ಬಿದ್ದೋಯ್ತು!” ಆ ಕಡೆಯಿಂದ ಮಗಳು “ಅಮ್ಮಾ, ಅದು ಮೌನ ಅಮ್ಮಾ!” ಎಂದು ಅರಚಿದಳು. ಕೇಳಬೇಕಾದ ಮಿಷನ್ ಚಹಾ ಕುಡಿದು ಮಲಗಿತ್ತು.

ಅತ್ತೆಯ ಕೂಗು ಫೋನಿನಿಂದ ಹಾರಿ ಸಭಾಂಗಣಕ್ಕೆಲ್ಲ ಕೇಳಿಸಿತು. ಸಿಂಗರಿಸಲು ಬಂದಿದ್ದ ಜನ ಮರುಗಿದರು. ಮರುಗಿ ಮುಗಿದ ಕೂಡಲೇ ಚರ್ಚೆ ಹುಟ್ಟಿತು. “ಲಕ್ವದಿಂದ ಆದ ಮೌನ ಲೆಕ್ಕಕ್ಕೆ ಬರುತ್ತಾ?” ಎಂದು ಕ್ಷೌರಿಕ ಕೇಳಿದ. “ಮೌನ ಮೌನವೇ,” ಎಂದಳು ಗ್ರಂಥಾಲಯದಾಕೆ. “ಆದರೆ ಗುಣವಾಗದಿದ್ದರೆ ದಿನಾ ಕೊಡಬೇಕಾಗುತ್ತಾ?” ಎಂದು ಮತ್ತೊಬ್ಬರಿಗೆ ಚಿಂತೆ ಹತ್ತಿತು.

ಹೆಂಡತಿ ಏದುಸಿರು ಬಿಡುತ್ತ ಮನೆಗೆ ಬಂದಳು. ಮನೆಯೆಲ್ಲ ಕೆರೆ, ತಾಯಿಯ ಕಣ್ಣಲ್ಲಿ ಹೊಳೆ, ಗಂಡ ನೆಲದಲ್ಲಿ, ಡಾಕ್ಟರು ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ.

“ರೀ! ಒಂದು ದಿನ ಸುಮ್ಮನಿರಿ ಅಂದ್ರೆ ಇಷ್ಟು ಗಲಾಟೆನಾ?”

ಅಧ್ಯಕ್ಷರು ಎರಡೂ ಕೈ ಜೋಡಿಸಿದರು. ಅದಕ್ಕಿಂತ ಹೆಚ್ಚು ಹೇಳಲು ನಿಯಮ ಬಿಡಲಿಲ್ಲ.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷರು ಸೊಂಟಕ್ಕೆ ಪಟ್ಟಿ ಬಿಗಿದು, ಹೆಂಡತಿಯ ಭುಜ ಹಿಡಿದು ಬಂದರು. ವಿಷಯ ತಿಳಿದು ತಣ್ಣಗಾದ ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು; ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿ ತಿಂದ ಕಿವಿ ಮಿಷನ್ ಇನ್ನೂ ಮೂಕವಾಗಿತ್ತು. ಆರಕ್ಕೆ ಕೊಂಚ ಮೊದಲೇ ಪರದೆ ಬೆಳಗಿತು. ಪರದೆಯ ತುಂಬ ಮಕ್ಕಳು!

ನಮ್ಮ ಭಾಷೆ ಅಷ್ಟಿಷ್ಟು ಕಲಿತಿದ್ದ ಶಿಕ್ಷಕಿ ಹೇಳಿದಳು: “ಮಕ್ಕಳು ಕೇಳುತ್ತಾರೆ, ಯಂತ್ರ ಬರುತ್ತದೆಯೇ?”

‘ಹೌದು’ ಎಂಬುದು ಅಧ್ಯಕ್ಷರ ನಾಲಿಗೆಯ ತುದಿಯಲ್ಲಿ ಕುಣಿಯಿತು. ಡಾಕ್ಟರು ಕಿವಿ ನಿಮಿರಿಸಿ ಗಡಿಯಾರ ತೋರಿಸಿದರು. ಮಕ್ಕಳ ಮುಖ ಬಾಡತೊಡಗಿತು. ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ವೇದಿಕೆಯ ನಡುವೆ ಕುಂಟುತ್ತ ಬಂದು ಗಾಳಿಯಲ್ಲಿ ನಲ್ಲಿ ತಿರುಗಿಸಿದರು. ಅತ್ತೆಯಂತೆ ಕಿವಿಯ ಮಿಷನ್ ಕಿತ್ತೆಸೆದರು. ಬಾಯಿ ತೆರೆದು ಮಲಗಿದ ರೋಗಿಯಾದರು, ಬಾಯಿಗೆ ನೀರು ಬಿದ್ದಾಗ ಕಣ್ಣುಗುಡ್ಡೆ ಹೊರಳಿಸಿದರು. ಸೊಂಟದ ನೋವನ್ನೂ ಲೆಕ್ಕಿಸದೆ ಮತ್ತೊಮ್ಮೆ ಜಾರಿ ಬಿದ್ದರು! ಪರದೆಯಾಚೆ ಮಕ್ಕಳು ಒಬ್ಬರ ಮೇಲೊಬ್ಬರು ಉರುಳಿ ನಕ್ಕರು. ಕೊನೆಗೆ ಅಧ್ಯಕ್ಷರು ಮೇಜಿನ ಮೇಲಿದ್ದ ಲೋಟವನ್ನು ಬೆಳಕಿಗೆ ಹಿಡಿದು, ತಿಳಿನೀರನ್ನು ಗಟಗಟ ಕುಡಿದು, ಹೊಟ್ಟೆ ಸವರಿಕೊಂಡು, ನೋವಿಲ್ಲ ಎಂದು ಕೈಯಾಡಿಸಿ, ಬೆರಳನ್ನು ಮಕ್ಕಳ ಕಡೆ ತೋರಿಸಿದರು. ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ತನ್ನ ಹೊಟ್ಟೆಯನ್ನೂ ಹಾಗೇ ಸವರಿಕೊಂಡು ಚಪ್ಪಾಳೆ ತಟ್ಟಿದಳು.

ಗಡಿಯಾರ ಆರು ಹೊಡೆಯಿತು.

ಡಾಕ್ಟರು ಎದ್ದು ನಿಂತರು. “ಸೋತೆ. ಯಂತ್ರ ನಂದು. ಛಾವಣಿ ರಿಪೇರಿ ನಿಮ್ಮದು.”

ಅಧ್ಯಕ್ಷರು ಮೈಕಿನತ್ತ ನುಗ್ಗಿದರು. ಇಡೀ ದಿನ ಕಟ್ಟಿಹಾಕಿದ್ದ ಪ್ರವಾಹ! “ಪ್ರಿಯ ಮಕ್ಕಳೇ, ಈ ಸುವರ್ಣ ಸಂದರ್ಭದಲ್ಲಿ, ಬಳಗದ ಹುಟ್ಟು, ಬೆಳವಣಿಗೆ ಮತ್ತು ನನ್ನ ಅಲ್ಪ ಸೇವೆಯ ಕುರಿತು…”

“ಕೇಳಿಸ್ತು!” ಎಂದು ಅತ್ತೆ ಮುಂದಿನ ಸಾಲಿನಿಂದ ಚಂಗನೆ ಎದ್ದರು. “ಮಿಷನ್ ಸರಿ ಹೋಯ್ತು! ಅಳಿಯಂದಿರ ಮಾತು ಕೇಳಿಸ್ತು!”

ಅಧ್ಯಕ್ಷರ ಕಣ್ಣು ತುಂಬಿ ಬಂತು. ತಮ್ಮ ಮಾತು ಕಿವಿಗೆ ಬಿತ್ತೆಂದು ಇಷ್ಟು ಸಂತೋಷಪಟ್ಟವರನ್ನು ಅವರು ಈ ಜನ್ಮದಲ್ಲಿ ಕಂಡಿರಲಿಲ್ಲ.

ಪರದೆಯಿಂದ ಶಿಕ್ಷಕಿ ಸಂಕೋಚದಿಂದ ಕೆಮ್ಮಿದಳು. “ಕ್ಷಮಿಸಿ ಸರ್. ಮಕ್ಕಳು ಹೇಳುತ್ತಾರೆ, ಮೊದಲಿನ ಹಾಗೇ ಮಾಡಬೇಕಂತೆ. ಧ್ವನಿ ಇಲ್ಲದಾಗ ಅವರಿಗೆ ಎಲ್ಲ ಅರ್ಥವಾಗುತ್ತಿತ್ತು.”

ಅಧ್ಯಕ್ಷರು ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದರು. ಆಕೆ ಆಗಲೇ ದೇಣಿಗೆ ಡಬ್ಬಿ ಹಿಡಿದು ಎದ್ದಿದ್ದಳು. ಎಲ್ಲರ ಮುಂದೆ ತನ್ನ ಪರ್ಸಿನಿಂದಲೇ ಒಂದು ನೋಟು ತೆಗೆದು ಡಬ್ಬಿಗೆ ಹಾಕಿದಳು.

“ಏಳು ಗಂಟೆ ತನಕ, ನನ್ನ ಕಡೆಯಿಂದ.”

“ಎಂಟರ ತನಕ ನಂದು!” ಎಂದು ಅತ್ತೆ ತಮ್ಮ ಕೈಚೀಲ ಬಿಚ್ಚಿದರು. ಹಿಂದೆ ಕ್ಷೌರಿಕ ಬಂದ, ಗ್ರಂಥಾಲಯದಾಕೆ ಬಂದಳು, ಸಾಲು ಬಾಗಿಲು ದಾಟಿ ಬೀದಿಗೆ ಇಳಿಯಿತು.

ಅಧ್ಯಕ್ಷರು ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಪರದೆಯ ಕಡೆ ತಿರುಗಿ, ಸೊಂಟ ಹಿಡಿದುಕೊಂಡು, ಇನ್ನೊಂದು ಸಲ ಜಾರಿ ಬಿದ್ದರು.